ಕಲಿಯಲು ನಾಚದ ಚಕ್ರವರ್ತಿ

ನಶ್ಯದ ಡಬ್ಬಿ ನಮ್ಮ ಊರುಗಳಿಗೆ ಹೊಸತಲ್ಲ. ಆದರೆ ಅದನ್ನು ಜೋಪಾನವಾಗಿ ಎತ್ತಿಡಬೇಕೆಂದು ನಮ್ಮಲ್ಲಿ ಯಾರಿಗೂ ತೋರುವುದಿಲ್ಲ. ಚೀನಾ ದೇಶದಲ್ಲಿ ಇದೇ ನಶ್ಯವನ್ನು ತುಂಬಿಡಲು ಮಾಡಿದ, ಎರಡು ಮೂರು ಅಂಗುಲ ಎತ್ತರದ ಕೆತ್ತನೆಯ ಗಾಜಿನ ಕುಪ್ಪಿಗಳನ್ನಾದರೋ ಪ್ರಪಂಚದ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳು ಕಾಪಾಡಿಕೊಂಡು ಬಂದಿವೆ. ಅವನ್ನು ಸಂಗ್ರಹಿಸುವ ಹವ್ಯಾಸಿಗಳಿಗಾಗಿ 1968ರಲ್ಲಿ ಅಮೆರಿಕದಲ್ಲಿ ಒಂದು ಸಂಘವೇ ಹುಟ್ಟಿತು. ಈ ಕುಪ್ಪಿಗಳ ಮೂಲವನ್ನು ಹುಡುಕುತ್ತ ಹೋದರೆ ನಮಗೆ ಎದುರಾಗುವವನು ಚಕ್ರವರ್ತಿ ಕಾಂಗ್‌ಶಿ.

ಕಾಂಗ್‌ಶಿ ಹುಟ್ಟಿದ್ದು 1654ರಲ್ಲಿ. ಮಂಚೂ ಜನರ ಚಿಂಗ್ ವಂಶದವನು. 1661ರಲ್ಲಿ ತಂದೆ ಸಿಡುಬಿನಿಂದ ತೀರಿಕೊಂಡಾಗ ಅವನಿಗೆ ಇನ್ನೂ ಏಳು ವರ್ಷ ತುಂಬಿರಲಿಲ್ಲ. ಈ ಬಾಲಕ ಆಗಲೇ ಸಿಡುಬಿನಿಂದ ಬದುಕಿ ಉಳಿದಿದ್ದುದರಿಂದ ಆ ರೋಗದ ಭಯ ಇವನಿಗಿಲ್ಲವೆಂದು ಸಿಂಹಾಸನ ಇವನ ಪಾಲಿಗೆ ಬಂದಿತು. ಅಧಿಕಾರ ಮಾತ್ರ ನಾಲ್ವರು ಸರದಾರರ ಕೈಯಲ್ಲಿತ್ತು. 1669ರಲ್ಲಿ, ಹದಿನೈದರ ಹರೆಯದಲ್ಲಿ, ಅವರಲ್ಲಿ ಪ್ರಬಲನಾಗಿದ್ದ ಓಬೋಯಿಯನ್ನು ಸೆರೆಹಿಡಿಸಿ ಕಾಂಗ್‌ಶಿ ರಾಜ್ಯಭಾರವನ್ನು ತಾನೇ ವಹಿಸಿಕೊಂಡನು. 1673ರಿಂದ 1681ರವರೆಗೆ ದಕ್ಷಿಣದ ದಂಗೆಯನ್ನು ಎದುರಿಸಿ ಗೆದ್ದನು. 1683ರಲ್ಲಿ ತೈವಾನನ್ನು ವಶಪಡಿಸಿಕೊಂಡನು. 1689ರಲ್ಲಿ ರಷ್ಯದೊಡನೆ ಗಡಿಯ ಒಪ್ಪಂದ ಮಾಡಿಕೊಂಡನು.

ಇವೆಲ್ಲ ಅರಸರ ಚರಿತ್ರೆಯಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳು. ಕಾಂಗ್‌ಶಿಯ ವಿಶೇಷ ಬೇರೆಯೇ ಇದೆ. ಅವನು ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಬಲ್ಲವನಾಗಿದ್ದನು. ಪಂಚಾಂಗದ ಲೆಕ್ಕದ ಬಗ್ಗೆ ಆಸ್ಥಾನದಲ್ಲಿ ಜಗಳ ಹುಟ್ಟಿದಾಗ, ನಡು ಮಧ್ಯಾಹ್ನದ ನೆರಳಿನ ಉದ್ದವನ್ನು ಮೊದಲೇ ಹೇಳಬೇಕೆಂಬ ಪರೀಕ್ಷೆ ನಡೆಯಿತು. ಬೆಲ್ಜಿಯಂ ನಾಡಿನ ಪಾದ್ರಿ ವೆರ್ಬೀಸ್ಟ್ ಅದರಲ್ಲಿ ಗೆದ್ದನು. ಚಕ್ರವರ್ತಿ ಅಷ್ಟಕ್ಕೆ ತೃಪ್ತನಾಗದೆ ಆ ಪಾದ್ರಿಯಿಂದಲೇ ಗಣಿತವನ್ನೂ ಖಗೋಳವಿದ್ಯೆಯನ್ನೂ ಕಲಿತನು. 1693ರಲ್ಲಿ ಮಲೇರಿಯಾ ಜ್ವರದಿಂದ ನರಳಿದಾಗ ಪಾದ್ರಿಗಳು ತಂದ ಸಿಂಕೋನಾ ತೊಗಟೆಯ ಔಷಧವನ್ನು ಸೇವಿಸಿ ಗುಣಹೊಂದಿದನು.

ನಶ್ಯವೂ ಹೀಗೆಯೇ ಹೊರಗಿನಿಂದ ಬಂದದ್ದು. 1684ರಲ್ಲಿ ನಾನ್‌ಜಿಂಗ್ ನಗರಕ್ಕೆ ಪ್ರವಾಸ ಹೋದಾಗ ಇಬ್ಬರು ಪಾದ್ರಿಗಳು ಕಾಣಿಕೆಗಳನ್ನು ಒಪ್ಪಿಸಿದರು. ಚಕ್ರವರ್ತಿ ನಶ್ಯವೊಂದನ್ನು ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸಿದನು. ತಲೆನೋವು, ನೆಗಡಿಗಳಿಗೆ ನಶ್ಯ ಒಳ್ಳೆಯದೆಂದು ಆ ಕಾಲದವರು ನಂಬಿದ್ದರು. ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ದೇಹಕ್ಕೆ ಕೇಡೆಂಬುದು ನಮಗೆ ಇಂದು ತಿಳಿದಿದೆ. ಯುರೋಪಿನವರು ನಶ್ಯವನ್ನು ಡಬ್ಬಿಯಲ್ಲಿಟ್ಟರೆ ಚೀನಿಯರು ತಮ್ಮ ಔಷಧದ ಕುಪ್ಪಿಯಂತಹ ಸಣ್ಣ ಕುಪ್ಪಿಯನ್ನು ಬಳಸಿದರು. ಬಿಗಿಯಾದ ಬಿರಡೆಯಿಂದ ಪುಡಿಗೆ ತೇವ ತಗಲುತ್ತಿರಲಿಲ್ಲ. ಬಿರಡೆಗೆ ಅಂಟಿಸಿದ ಪುಟ್ಟ ಚಮಚದಿಂದ ಅದನ್ನು ತೆಗೆಯಬಹುದಾಗಿತ್ತು.

1696ರಲ್ಲಿ ಕಾಂಗ್‌ಶಿ ಬೀಜಿಂಗಿನಲ್ಲಿ ಅರಮನೆಗೆ ಸೇರಿದ ಗಾಜಿನ ಕಾರ್ಖಾನೆಯನ್ನು ತೆರೆದನು. ಹಿಂದಿನ ವರ್ಷವಷ್ಟೇ ಅಲ್ಲಿಗೆ ಬಂದಿದ್ದ ಜರ್ಮನಿಯ ಪಾದ್ರಿ ಕಿಲಿಯನ್ ಸ್ಟುಂಫ್ ಅದರ ಮೇಲ್ವಿಚಾರಕನಾದನು. ಗಾಜಿನ ಕುಲುಮೆಗಳಿಗೆ ಹೆಸರಾದ ಶಾನ್‌ಡಾಂಗ್ ಪ್ರಾಂತ್ಯದ ಬೋಶಾನ್‌ನಿಂದ ಕುಶಲಕರ್ಮಿಗಳು ಬಂದರು. ವಿದೇಶದ ವಿದ್ಯೆಗೆ ಸ್ವದೇಶದ ಕೈಚಳಕ ಕೂಡಿಕೊಂಡಿತು. ಮುಂದೆ ಬೆಳೆದ ಒಂದು ವಿಧಾನ ಬಹಳ ಸೊಗಸಾದುದು. ಬಿಳಿಯ ಗಾಜಿನ ಮೇಲೆ ಕೆಂಪು ಅಥವಾ ನೀಲಿ ಗಾಜಿನ ಪದರವನ್ನು ಹೊದಿಸುತ್ತಾರೆ. ಅದು ತಣಿದ ಮೇಲೆ, ಹಸಿರು ಜೇಡ್ ಶಿಲೆಯನ್ನು ಕೊರೆಯುವ ಕ್ರಮದಲ್ಲಿಯೇ, ತಿರುಗುವ ಚಕ್ರಕ್ಕೆ ಗಟ್ಟಿ ಮರಳಿನ ಪುಡಿಯನ್ನು ಹಚ್ಚಿ ಬೇಡವಾದ ಭಾಗವನ್ನೆಲ್ಲ ಸವೆಸಿಬಿಡುತ್ತಾರೆ. ಆಗ ಬಿಳಿಯ ನೆಲದ ಮೇಲೆ ಕೆಂಪು ತಾವರೆಯೋ ಮೀನೋ ಉಬ್ಬಿ ನಿಲ್ಲುತ್ತದೆ. ಕೈ ಒಂದಿಷ್ಟು ತಪ್ಪಿದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ!

ಚಕ್ರವರ್ತಿ ಈ ಕಾರ್ಖಾನೆಯ ಗಾಜಿನ ವಸ್ತುಗಳನ್ನು ಅಧಿಕಾರಿಗಳಿಗೆ ಬಹುಮಾನವಾಗಿ ಕೊಡುತ್ತಿದ್ದನು. 1716ರಲ್ಲಿ ನಲವತ್ತೇಳು ಸಾವಿರಕ್ಕೂ ಮಿಕ್ಕಿದ ಲಿಪಿಚಿಹ್ನೆಗಳ ಮಹಾನಿಘಂಟು ಅವನ ಆಶ್ರಯದಲ್ಲಿ ಹೊರಬಂದಿತು.

ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಯುವರಾಜನ ನಡತೆಯಿಂದ ನೊಂದು ಅವನನ್ನು 1708ರಲ್ಲಿಯೂ 1712ರಲ್ಲಿಯೂ ಪದವಿಯಿಂದ ಇಳಿಸಬೇಕಾಯಿತು. ಪಿತೃಪೂಜೆಯ ವಿಷಯದಲ್ಲಿ ಪೋಪರೊಡನೆ ವಿರಸ ಬೆಳೆದು, 1721ರಲ್ಲಿ ಪಾದ್ರಿಗಳ ಮತಪ್ರಚಾರವನ್ನೇ ನಿಷೇಧಿಸಲು ಮುಂದಾದನು. ಸ್ಟುಂಫ್ 1720ರಲ್ಲಿಯೇ ಬೀಜಿಂಗಿನಲ್ಲಿ ಮಡಿದಿದ್ದನು. 1722ರಲ್ಲಿ, ಅರವತ್ತೊಂದು ವರ್ಷ ಆಳಿದ ಕಾಂಗ್‌ಶಿಯೂ ಕಾಲವಾದನು.

ಗುರುಗಳೂ ಹೋದರು, ಸ್ನೇಹವೂ ಮುರಿಯಿತು; ಆದರೆ ಕಲಿತ ವಿದ್ಯೆ ಉಳಿಯಿತು. ಮೊಮ್ಮಗ ಚಿಯೆನ್‌ಲಾಂಗನ ಕಾಲದಲ್ಲಿ ಈ ಕುಪ್ಪಿಗಳ ಕಲೆ ಉಚ್ಛ್ರಾಯ ಸ್ಥಿತಿಗೆ ಏರಿತು. 1912ರಲ್ಲಿ ಚಿಂಗ್ ವಂಶದ ಆಳ್ವಿಕೆ ಕೊನೆಗೊಂಡಿತು. ಇಂದಿನ ಸಂಗ್ರಾಹಕನಾದರೂ ತಳದಲ್ಲಿರುವ ಅರಸನ ಹೆಸರನ್ನು ನೋಡಿಯೇ ಮೋಸಹೋಗುವಂತಿಲ್ಲ. ಹೆಸರನ್ನು ಯಾರು ಬೇಕಾದರೂ ಕೊರೆಯಬಹುದು. ಕೆತ್ತನೆಯ ಅಂಚು, ಗಾಜಿನ ನುಣುಪು, ಬಳಕೆಯಿಂದಾದ ಸವೆತ ಇವುಗಳನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಓದಬೇಕು.

ವಿದ್ಯಾರ್ಥಿಗಳಾದ ನಾವು ನೆನಪಿಡಬೇಕಾದುದು ಇಷ್ಟೆ. ಕಾಂಗ್‌ಶಿಗೆ ಕಲಿಸಿದವರು ಪರದೇಶದವರು, ಪರಧರ್ಮದವರು; ಅವನು ಲೋಕದ ಅತಿ ದೊಡ್ಡ ರಾಜ್ಯಗಳಲ್ಲೊಂದರ ಒಡೆಯ. ಆದರೂ ಗೊತ್ತಿಲ್ಲದುದನ್ನು ಕೇಳಿ ತಿಳಿಯಲು ಅವನು ನಾಚಲಿಲ್ಲ. ಆ ವಿನಯದ ಫಲವನ್ನು ಮೂರು ಶತಮಾನಗಳ ಅನಂತರವೂ ಅಂಗೈಯಲ್ಲಿ ಹಿಡಿದು ನೋಡಬಹುದಾಗಿದೆ.