ಗುಟ್ಟು ಭೇದಿಸಿದವರ ಖಾಸಗಿ ಬದುಕು

ನಾವು ಯುಪಿಐನಲ್ಲಿ ಹಣ ಕಳಿಸುವಾಗಲೂ, ಬಿಟ್‌ಕಾಯಿನ್ ಕೈ ಬದಲಾಗುವಾಗಲೂ ಕಾವಲಿಗೆ ನಿಲ್ಲುವುದು ಗೂಢಲಿಪಿ ವಿದ್ಯೆ. ಆ ವಿದ್ಯೆಯ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಅಲನ್ ಟ್ಯೂರಿಂಗ್.

ಅವರು ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್‌ನಲ್ಲಿ. ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಹಾಗಾಗಿ ಮಗನ ಬಾಲ್ಯ ಬಹುಪಾಲು ಇಂಗ್ಲೆಂಡಿನಲ್ಲಿ, ಬೇರೆಯವರ ಮನೆಯಲ್ಲಿ ಕಳೆಯಿತು. 1936ರಲ್ಲಿ, ಹಂತಹಂತವಾಗಿ ಬಿಡಿಸಬಹುದಾದ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಯಂತ್ರವೊಂದನ್ನು ಅವರು ಕಾಗದದ ಮೇಲೆ ಕಲ್ಪಿಸಿದರು. ಇಂದಿನ ಕಂಪ್ಯೂಟರಿನ ಬೀಜ ಅದರಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್ ಸೇರಿ, ಪೋಲೆಂಡಿನ ಗಣಿತಜ್ಞರು ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಹೋಗಿ, ಜರ್ಮನಿಯ ಎನಿಗ್ಮಾ ಸಂದೇಶಗಳನ್ನು ಭೇದಿಸಲು ನೆರವಾದರು. ಆ ಸಾಧನೆಯನ್ನು ಯಾರಿಗೂ ಹೇಳುವಂತಿರಲಿಲ್ಲ.

1952ರಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಟ್ಟರು. ತನಿಖೆ ಕಳ್ಳನನ್ನು ಬಿಟ್ಟು ಅವರ ಖಾಸಗಿ ಬದುಕಿನತ್ತಲೇ ತಿರುಗಿತು. ಆಗ ಅಲ್ಲಿ ಪುರುಷರ ಸಲಿಂಗ ಸಂಬಂಧ ಅಪರಾಧ. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ಗೂಢಲಿಪಿ ಕೆಲಸವೂ ಕೈತಪ್ಪಿತು. 1954ರ ಜೂನ್ 7ರಂದು ಸೈನೈಡ್ ವಿಷದಿಂದ ಮೃತಪಟ್ಟಾಗ ಅವರಿಗೆ 41 ವರ್ಷ.

2013ರಲ್ಲಿ ಬ್ರಿಟನ್ ಅವರಿಗೆ ಕ್ಷಮಾದಾನ ನೀಡಿತು. 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಬಂತು. ಹೋದ ಜೀವ ಮಾತ್ರ ಬರಲಿಲ್ಲ.

ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಭಯವೇಕೆ ಎನ್ನುತ್ತಾ ನಾವು ಆ್ಯಪ್‌ಗಳು ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತುತ್ತೇವೆ. ಟ್ಯೂರಿಂಗ್ ಕೂಡ ಯಾರದ್ದನ್ನೂ ಕದ್ದಿರಲಿಲ್ಲ. ತಮ್ಮ ಮನೆಯಲ್ಲಿ ಕಳ್ಳತನವಾಗಿದೆ ಎಂದು ಹೇಳಲು ಹೋಗಿದ್ದರು, ಅಷ್ಟೆ.