ಕ್ರಿಸ್ಟೋಫರ್ ಸ್ಟ್ರೇಚಿ

ಗಣಕಯಂತ್ರದ ಭಾಷೆಗಳಿಗೆ ಶಾಸ್ತ್ರದ ತಳಹದಿ ಹಾಕಿದ ಮಹನೀಯರಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿಯವರು ಒಬ್ಬರು. 1916ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ಓದುವಾಗ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. ದೊರೆತದ್ದು ಸಾಧಾರಣ ದರ್ಜೆಯ ಪದವಿ. ಮುಂದೆ ಶಾಲಾ ಉಪಾಧ್ಯಾಯರಾಗಿದ್ದಾಗಲೇ ಬಿಡುವಿನಲ್ಲಿ ಯಂತ್ರಕ್ಕೆ ಡ್ರಾಫ್ಟ್ಸ್ ಆಟ ಕಲಿಸಹೊರಟರು. 1960ರ ದಶಕದಲ್ಲಿ ಸಂಗಡಿಗರೊಡನೆ ಅವರು ರೂಪಿಸಿದ ಸಿಪಿಎಲ್‌ನಿಂದ ಬಿಸಿಪಿಎಲ್, ಅದರಿಂದ ಬಿ, ಅದರಿಂದ ಸಿ ಭಾಷೆ ಹುಟ್ಟಿದವು.

ಸಿ ಭಾಷೆಯಲ್ಲಿ ಸೆಟ್‌ಜಂಪ್ ಎಂಬುದು ಹಿಂದಿರುಗುವ ಸ್ಥಳವನ್ನು ಗುರುತಿಡುತ್ತದೆ. ಆಳದಲ್ಲಿ ತೊಡಕು ಬಂದರೆ ಲಾಂಗ್‌ಜಂಪ್ ನಡುವಣ ಮೆಟ್ಟಿಲುಗಳನ್ನೆಲ್ಲ ಬಿಟ್ಟು ಅಲ್ಲಿಗೇ ನೆಗೆಯುತ್ತದೆ. ಇಂಥ ನೆಗೆತದ ಅರ್ಥವೇನು? ಮುಂದೆ ಉಳಿದಿರುವ ಕೆಲಸವನ್ನೇ ಒಂದು ಗಣಿತವಸ್ತುವೆಂದೆಣಿಸಿ, 1974ರಲ್ಲಿ ಸ್ಟ್ರೇಚಿಯವರು ವಾಡ್ಸ್‌ವರ್ತರೊಡನೆ ಉತ್ತರವಿತ್ತರು. ಮರುವರ್ಷವೇ, 58ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪರೀಕ್ಷೆಯ ದರ್ಜೆಯೇ ಯೋಗ್ಯತೆಯ ಕೊನೆಯ ಅಳತೆಯಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.