ಟಿಕೆಟ್ ತೂತು ಕಂಡು ದೇಶ ಎಣಿಸಿದ ಹಾಲೆರಿತ್

ಕಂಡಕ್ಟರು ಟಿಕೆಟಿಗೆ ಟಕ್ಕಂತ ತೂತು ಹೊಡೀತಿದ್ದ ಕಾಲ ನೆನಪಿದೆಯಲ್ಲವೇ? ಅಂಥದ್ದೇ ಒಂದು ತೂತಿನಿಂದ ಕಂಪ್ಯೂಟರ್ ಉದ್ಯಮದ ಬೀಜ ಮೊಳೆಯಿತು ಅಂದರೆ ನಂಬಲೇಬೇಕು ಸ್ವಾಮಿ. ಆ ಪುಣ್ಯಾತ್ಮನ ಹೆಸರು ಹರ್ಮನ್ ಹಾಲೆರಿತ್.

1860ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಹುಟ್ಟಿದ. ತಂದೆತಾಯಿ ಜರ್ಮನಿಯಿಂದ ವಲಸೆ ಬಂದವರು. 1879ರಲ್ಲಿ ಇಂಜಿನಿಯರಿಂಗ್ ಮುಗಿಸಿ ಜನಗಣತಿ ಕೆಲಸಕ್ಕೆ ಸೇರಿದ. ಅಲ್ಲಿ ನೋಡಿದರೆ ಗುಮಾಸ್ತರು ಗೀಟು ಎಳೆದೆಳೆದು ಜನರನ್ನು ಎಣಿಸುತ್ತಿದ್ದರು! 1880ರ ಗಣತಿಯ ಲೆಕ್ಕ ಮುಗಿಯಲು ಏಳು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದಕ್ಕೊಂದು ಯಂತ್ರ ಯಾಕಾಗಬಾರದು ಎಂದು ಹಿರಿಯ ಅಧಿಕಾರಿ ಬಿಲ್ಲಿಂಗ್ಸ್ ಮಾತಿಗೆ ಅಂದರು. ಹುಡುಗನ ತಲೆಗೆ ಹುಳ ಹೊಕ್ಕಿತು.

ದಾರಿ ಸಿಕ್ಕಿದ್ದು ರೈಲಿನಲ್ಲಿ. ಒಬ್ಬರ ಟಿಕೆಟನ್ನು ಇನ್ನೊಬ್ಬರು ಬಳಸದಿರಲಿ ಅಂತ ಅಲ್ಲಿನ ಕಂಡಕ್ಟರು ಪ್ರಯಾಣಿಕನ ಕೂದಲು, ಕಣ್ಣು, ಮೂಗು ಹೇಗಿದೆ ಎಂಬುದನ್ನು ಟಿಕೆಟಿನಲ್ಲಿ ತೂತು ಹೊಡೆದು ಗುರುತು ಮಾಡುತ್ತಿದ್ದ. ಇದನ್ನೇ ದೇಶಕ್ಕೆಲ್ಲ ಮಾಡಿದರೆ?

ಪ್ರತಿಯೊಬ್ಬ ಪ್ರಜೆಗೂ ಒಂದು ಕಾರ್ಡು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಕಸುಬೇನು, ಒಂದೊಂದಕ್ಕೂ ಒಂದೊಂದು ಜಾಗದಲ್ಲಿ ತೂತು. ಕಾರ್ಡಿನ ಮೇಲೆ ಸೂಜಿಗಳ ಸಾಲು ಒತ್ತಿದರೆ, ತೂತಿದ್ದ ಕಡೆ ಸೂಜಿ ಇಳಿದು ಕೆಳಗಿನ ಪಾದರಸ ಮುಟ್ಟುತ್ತದೆ. ಕರೆಂಟು ಹರಿದು, ಗಡಿಯಾರದಂಥ ಮುಳ್ಳು ಒಂದು ಮನೆ ಮುಂದೆ ಸರಿಯುತ್ತದೆ. ಅಷ್ಟೇ! 1889ರಲ್ಲಿ ಪೇಟೆಂಟು ಸಿಕ್ಕಿತು. 1890ರ ಗಣತಿಯಲ್ಲಿ ಆರು ಕೋಟಿಗೂ ಮೀರಿದ ಜನರ ಒಟ್ಟು ಸಂಖ್ಯೆ ಕೆಲವೇ ತಿಂಗಳಲ್ಲಿ ಕೈಗೆ ಬಂತು.

1896ರಲ್ಲಿ ಸ್ವಂತ ಕಂಪನಿ ಕಟ್ಟಿದ. ಯಂತ್ರ ಮಾರುವ ಮಾತೇ ಇಲ್ಲ, ಬರೀ ಬಾಡಿಗೆ. ರೈಲ್ವೆ ಕಂಪನಿಗಳೂ ಗಿರಾಕಿಗಳಾದವು. ಆದರೆ ಮನುಷ್ಯ ಮಹಾ ಹಠಮಾರಿ. ಬಾಡಿಗೆ ಜಾಸ್ತಿಯಾಯಿತು ಎಂದು ಗಣತಿ ಇಲಾಖೆ ತಕರಾರು ತೆಗೆದರೂ ಜಗ್ಗಲಿಲ್ಲ. 1905ರಲ್ಲಿ ವ್ಯವಹಾರ ಮುರಿದುಬಿತ್ತು. ಇಲಾಖೆ ಸುಮ್ಮನೆ ಕೂರುತ್ತದೆಯೇ? ತನ್ನದೇ ಯಂತ್ರ ಮಾಡಿಸಿಕೊಂಡು 1910ರ ಗಣತಿ ನಡೆಸಿತು. ಹಾಲೆರಿತ್ ಕೋರ್ಟಿಗೆ ಹೋದ, ಗಿಟ್ಟಲಿಲ್ಲ.

1911ರಲ್ಲಿ ಕಂಪನಿ ಮಾರಿ ಕೈತೊಳೆದುಕೊಂಡ. ದುಡ್ಡೇನೋ ಚೆನ್ನಾಗಿಯೇ ಬಂತು. ಅಂಗಡಿ ತಕ್ಕಡಿ ಮಾಡುವ ಕಂಪನಿ, ನೌಕರರ ಹಾಜರಿ ಗಡಿಯಾರ ಮಾಡುವ ಕಂಪನಿ, ಇವುಗಳ ಜೊತೆ ಅದನ್ನು ಬೆರೆಸಿದರು. 1924ರಲ್ಲಿ ಆ ಕೂಡುಕಂಪನಿಗೆ ಹೊಸ ಹೆಸರಿಟ್ಟರು: ಐಬಿಎಂ!

1929ರ ನವೆಂಬರ್ 17ರಂದು ವಾಷಿಂಗ್ಟನ್ನಿನಲ್ಲಿ ಹಾಲೆರಿತ್ ತೀರಿಕೊಂಡ. ಐಬಿಎಂ ಹೆಸರು ಜಗತ್ತಿಗೇ ಗೊತ್ತು. ಹಾಲೆರಿತ್ ಯಾರು ಅಂದರೆ ತಲೆ ಕೆರೆದುಕೊಳ್ಳಬೇಕು. ಕೋಟಿ ಜನರ ಲೆಕ್ಕ ತಪ್ಪದೆ ಇಟ್ಟವನು ಒಬ್ಬ ದೊಡ್ಡ ಗಿರಾಕಿಯ ಲೆಕ್ಕದಲ್ಲಿ ಎಡವಿದ. ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೇ?